ಹರಿದುಕೊಟ್ಟ ಮೇಲೆ ಉಳಿದ ತುಂಡು

ದಿನವೂ ಬಸ್ಸಿನೊಳಗೆ ತಲೆಯ ಮೇಲಿನ ಕಂಬಿಗಳ ಮೇಲೆ ಎಸೆದುಬಿಡುತ್ತಿದ್ದ ಚೀಲವನ್ನು ಅವನು ಇವತ್ತು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಅಪ್ಪಿ ಕೂತಿದ್ದ. ಪಕ್ಕದ ಹೆಂಗಸು ಒಮ್ಮೆ ಚೀಲವನ್ನೂ ಒಮ್ಮೆ ಅವನ ಮುಖವನ್ನೂ ನೋಡಿ, "ಒಡೆಯೋ ಸಾಮಾನಾ?" ಎಂದು ಕೇಳಿ ಸ್ವಲ್ಪ ಅತ್ತ ಸರಿದಳು. "ಅಲ್ಲಮ್ಮ, ಕಾಗದ" ಎಂದ. ಕಾಗದವನ್ನು ಯಾರಾದರೂ ಹೀಗೆ ಕೂಸಿನ ಹಾಗೆ ಹಿಡಿದುಕೊಳ್ಳುತ್ತಾರೆಯೇ ಎಂಬಂತೆ ಅವಳು ಕಿಟಕಿಯ ಕಡೆ ತಿರುಗಿದಳು. ಚೀಲದಲ್ಲಿ ಎರಡು ಪುಸ್ತಕ, ಊಟದ ಡಬ್ಬಿ, ಅರಗಿನ ಮುದ್ರೆ ಒತ್ತಿದ ಒಂದು ಕಂದು ಲಕೋಟೆ. ಲಕೋಟೆಯೊಳಗೆ ತೊಂಬತ್ತೊಂಬತ್ತು ಕೌಂಟರ್‌ಫಾಯಿಲ್‌ಗಳು. ಅಂದರೆ ಮತಪತ್ರವನ್ನು ಹರಿದುಕೊಟ್ಟ ಮೇಲೆ ಪುಸ್ತಕದಲ್ಲೇ ಉಳಿಯುವ ಎರಡು ಬೆರಳಗಲದ ತುಂಡುಗಳು. ಒಂದೊಂದರ ಮೇಲೂ ಒಂದು ನಂಬರು, ಒಂದು ಸಹಿ. ಅದೇ ನಂಬರು ಮತಪತ್ರದ ಮೇಲೂ ಇತ್ತು, ಮತ್ತು ಮತಪತ್ರಗಳೆಲ್ಲ ಆಗಲೇ ಕುಲಸಚಿವರ ಬೀರುವಿನಲ್ಲಿದ್ದವು. ಸಾಯಂಕಾಲ ನಾಲ್ಕಕ್ಕೆ ಈ ಲಕೋಟೆಯೂ ಅಲ್ಲಿಗೆ ಹೋದರೆ, ಅರವತ್ತೊಂದು ಹುಡುಗ ಹುಡುಗಿಯರ ಹೆಸರು ಒಂದು ಪಟ್ಟಿಯಾಗುತ್ತದೆ. ಪಟ್ಟಿ ಮಾಡುವುದರಲ್ಲಿ ಅವನ ಕೈ ಪಳಗಿದ್ದು. ಇಪ್ಪತ್ತಾರು ವರ್ಷ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ಅವನು ಬೇರೇನು ಮಾಡಿದ್ದ?

ಮಾಡಿದ್ದ, ಇನ್ನೊಂದನ್ನು ಮಾಡಿದ್ದ. ಚುನಾವಣೆ ಬಂದಾಗಲೆಲ್ಲ ಅವನನ್ನು ಮತಗಟ್ಟೆಗೆ ಹಾಕುತ್ತಿದ್ದರು. ಉಳಿದವರು ಡಾಕ್ಟರ ಸರ್ಟಿಫಿಕೇಟು ತಂದು ತಪ್ಪಿಸಿಕೊಳ್ಳುತ್ತಿದ್ದ ಕೆಲಸಕ್ಕೆ ಅವನು ಹಿಂದಿನ ದಿನವೇ ಅಂಗಿ ಇಸ್ತ್ರಿ ಮಾಡಿಸಿಕೊಂಡು ಹೋಗುತ್ತಿದ್ದ. ಆ ಒಂದು ದಿನ, ಶಾಲೆಯ ಕೋಣೆಯೊಂದರಲ್ಲಿ ಸಣ್ಣ ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಮಡಚಿ ಕೂತಾಗ, ತಾನೂ ಸರ್ಕಾರದ ಒಂದು ಅಂಗ ಎಂದು ಅವನಿಗೆ ಅನ್ನಿಸುತ್ತಿತ್ತು. ಆ ಅಂಗ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯುವ ಆಸೆಗೆ, ಅವಧಿಗೆ ಮುಂಚೆ ನಿವೃತ್ತಿ ತೆಗೆದುಕೊಂಡು, ಐವತ್ತಮೂರನೇ ವಯಸ್ಸಿನಲ್ಲಿ ರಾಜ್ಯಶಾಸ್ತ್ರ ಓದಲು ಈ ಖಾಸಗಿ ವಿಶ್ವವಿದ್ಯಾಲಯ ಸೇರಿದ. "ಈಗ ಓದಿ ಯಾವ ರಾಜ್ಯ ಆಳಬೇಕು ನೀವು?" ಎಂದು ಹೆಂಡತಿ ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಕೇಳಿದ್ದಳು. "ಮನೇಲಿ ಒಂದು ಓಟು ಹಾಕಿದ್ರೂ ಸೋಲ್ತೀರ." ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ, ಮನೆಯಲ್ಲಿ ಇದ್ದದ್ದೇ ಎರಡು ಓಟು.

ನಿನ್ನೆ ಕುಲಸಚಿವರ ಕೋಣೆಯಲ್ಲಿ ಗಾಜಿನ ಮೇಜಿನ ಈಚೆ ಅವನನ್ನು ಕೂರಿಸಿದ್ದರು. ಪಕ್ಕದಲ್ಲಿ ವಿಭಾಗದ ಮುಖ್ಯಸ್ಥೆ. ಎಲ್ಲರೂ ಮೇಡಂ ಎನ್ನುತ್ತಿದ್ದರು, ಅವನಿಗಿಂತ ಹದಿನೈದು ವರ್ಷ ಚಿಕ್ಕವಳು. ಚುನಾವಣೆಯ ಫಲಿತಾಂಶದ ಹಾಳೆ ಎದುರಿಗಿತ್ತು. ವಿದ್ಯಾರ್ಥಿ ಪ್ರತಿನಿಧಿಯ ಜಾಗಕ್ಕೆ ಅಭ್ಯರ್ಥಿ ಒಬ್ಬನೇ, ಸಂಸ್ಥಾಪಕರ ತಂಗಿಯ ಮಗ. ಹುಡುಗರು ಅವನನ್ನು 'ಅಳಿಯ' ಎಂದೇ ಕರೆಯುತ್ತಿದ್ದರು. ಬೇರೆ ಮೂವರ ನಾಮಪತ್ರಗಳನ್ನು ಹಾಜರಿ ಕಡಿಮೆ, ನಡತೆ ಸಾಲದು, ಫೋಟೋ ಸರಿಯಿಲ್ಲ ಎಂದು ತಿರಸ್ಕರಿಸಲಾಗಿತ್ತು. ವಯಸ್ಸಿನಲ್ಲಿ ಹಿರಿಯನೆಂದು ಅವನನ್ನೇ ಚುನಾವಣಾಧಿಕಾರಿ ಮಾಡಿದ್ದರು, ಆ ತಿರಸ್ಕಾರಕ್ಕೆ ಸಹಿ ಹಾಕಿದವನೂ ಅವನೇ. ಆದರೆ ನಿಯಮದ ಪುಸ್ತಕ ಹಿಡಿದು, 'ಯಾರಿಗೂ ಇಲ್ಲ' ಎನ್ನುವ ಒಂದು ಸಾಲು ಮತಪತ್ರದಲ್ಲಿ ಇರಲೇಬೇಕು ಎಂದು ಹಟ ಮಾಡಿದ್ದವನೂ ಅವನೇ. ಅಳಿಯನಿಗೆ ಮೂವತ್ತೆಂಟು. ಯಾರಿಗೂ ಇಲ್ಲ ಎನ್ನುವುದಕ್ಕೆ ಅರವತ್ತೊಂದು. ಕುಲಸಚಿವರು ಹಾಳೆಯನ್ನು ಬೆರಳ ತುದಿಯಿಂದ ದೂರ ತಳ್ಳಿ, "ಹೋಗ್ಲಿ ಬಿಡಿ. ಗುಪ್ತ ಮತದಾನ. ಯಾರು ಏನು ಮಾಡಿದಾರೆ ಅಂತ ಹುಡುಕೋಕಾಗುತ್ತಾ?" ಎಂದರು. ಅಷ್ಟಕ್ಕೇ ಮುಗಿಯುತ್ತಿತ್ತು. ಮೇಡಂ ಆಗಲೇ ಕುರ್ಚಿ ಹಿಂದೆ ಸರಿಸಿದ್ದಳು. ಆಗ ಅವನ ಬಾಯಿ, ಅವನದೇ ಬಾಯಿ, ತೆರೆಯಿತು. "ಹಾಗೇನಿಲ್ಲ ಸರ್. ಕೌಂಟರ್‌ಫಾಯಿಲ್ ಇದೆಯಲ್ಲ. ನಂಬರ್ ತಾಳೆ ಹಾಕಿದ್ರೆ ಯಾರದು ಯಾವ್ದು ಅಂತ ಗೊತ್ತಾಗುತ್ತೆ."

ಯಾಕೆ ಹೇಳಿದೆ ಎಂದು ರಾತ್ರಿಯಿಂದ ತನ್ನನ್ನೇ ಕೇಳಿಕೊಳ್ಳುತ್ತಿದ್ದ. ಹೆದರಿಕೆಗಲ್ಲ, ಯಾರೂ ಹೆದರಿಸಿರಲಿಲ್ಲ. ಆಸೆಗೂ ಅಲ್ಲ. ಎರಡು ವರ್ಷದಲ್ಲಿ ಆ ಕಟ್ಟಡದಲ್ಲಿ ಯಾರೂ ಅವನಿಗೆ ಗೊತ್ತಿರುವ ಒಂದು ವಿಷಯವನ್ನೂ ಕೇಳಿರಲಿಲ್ಲ, ಅದಕ್ಕೆ. ತರಗತಿಯಲ್ಲಿ ಅವನು ಕೈ ಎತ್ತಿದರೆ ಹುಡುಗರು ಒಬ್ಬರನ್ನೊಬ್ಬರು ನೋಡಿ, "ಅಂಕಲ್ ಆಫೀಸು ಶುರುವಾಯ್ತು" ಎನ್ನುತ್ತಿದ್ದರು. ತನಗೆ ಗೊತ್ತು ಎಂದು ತೋರಿಸಿಕೊಳ್ಳುವ ಚಪಲ! ಕುಲಸಚಿವರು ಮೊದಲ ಸಲ ಅವನ ಮುಖವನ್ನು ಸರಿಯಾಗಿ ನೋಡಿದ್ದರು. "ಹೌದಾ ಹಿರಿಯರೇ? ಎಷ್ಟು ಅಚ್ಚುಕಟ್ಟು ನೋಡಿ ಮೇಡಂ, ಇದಕ್ಕೇ ಅನುಭವ ಬೇಕು ಅನ್ನೋದು!" ಅವನ ಮೈ ಪುಲಕಗೊಂಡಿತ್ತು, ಇದನ್ನು ಸುಳ್ಳು ಹೇಳಬಾರದು, ಒಂದು ಕ್ಷಣ ನಿಜವಾಗಿ ಪುಲಕಗೊಂಡಿತ್ತು. ಆಮೇಲೆ ಅವರು, "ನಾಳೆ ನಾಲ್ಕು ಗಂಟೆಗೆ ತಂದುಬಿಡಿ. ಏನೂ ಮಾಡಲ್ಲ, ಮಕ್ಕಳನ್ನ ಕರೆದು ಒಂದಿಷ್ಟು ಬುದ್ಧಿ ಹೇಳ್ತೀವಿ. ಅಂದಹಾಗೆ ನಿಮ್ಮ ಹಾಜರಿನೂ ಸ್ವಲ್ಪ ಕಡಿಮೆ ಇದೆ ಅಂತ ಕಾಣುತ್ತೆ, ನೋಡೋಣ, ಸರಿಮಾಡೋಣ" ಎಂದಾಗ, ಪುಲಕ ಎಲ್ಲಿಂದ ಬಂದಿತ್ತೋ ಅಲ್ಲಿಯೇ ಹೆಪ್ಪುಗಟ್ಟಿತು. ಹೋದ ವರ್ಷ ಗ್ರಂಥಾಲಯವನ್ನು ಇನ್ನೆರಡು ಗಂಟೆ ತೆರೆದಿಡಿ ಎಂದು ಅರ್ಜಿ ಬರೆದ ಇಬ್ಬರಿಗೆ ಹೀಗೆಯೇ ಬುದ್ಧಿ ಹೇಳಿದ್ದರು. ತಿಂಗಳೊಳಗೆ ಇಬ್ಬರೂ ವರ್ಗಾವಣೆ ಪತ್ರ ತೆಗೆದುಕೊಂಡು ಹೊರಟಿದ್ದರು. ಯಾವ ಕಾಲೇಜೂ ಸೇರಿಸಿಕೊಳ್ಳದ ಹಾಗೆ, ನಡತೆಯ ಬಗ್ಗೆ, ಅದರ ಕೊನೆಯ ಸಾಲು ಇತ್ತು.

ಬಸ್ಸು ಇಳಿದು ಗೇಟು ದಾಟುವಾಗ ಕಾವಲುಗಾರ, "ಏನ್ ಸ್ಟೂಡೆಂಟೇ, ಬೇಗ ಬಂದ್ರಿ" ಎಂದ. ದಿನದ ಜೋಕು. ಕೇಳಿ ದಿನವೂ ನಗುತ್ತಿದ್ದವನಿಗೆ ಇವತ್ತು ನಗು ಬರಲಿಲ್ಲ. ಒಳಗೆ ಹುಲ್ಲು, ಕಾರಂಜಿ, ಗಾಜು. ಎಡಗಡೆ ಚುನಾವಣೆ ನಡೆದ ಕೋಣೆ, ಬಾಗಿಲ ಮೇಲೆ ಹಿತ್ತಾಳೆಯ ಅಕ್ಷರದಲ್ಲಿ 'ಪ್ರಜಾಪ್ರಭುತ್ವ ಪ್ರಯೋಗಾಲಯ'. ಪ್ರಯೋಗಾಲಯ! ಮೊದಲ ಸಲ ಅದನ್ನು ಓದಿದಾಗ ಎಷ್ಟು ಚೆನ್ನಾಗಿದೆ ಅನ್ನಿಸಿತ್ತು. ಪ್ರಯೋಗಾಲಯದಲ್ಲಿ ಇಲಿಗಳೂ ಇರುತ್ತವೆ ಎನ್ನುವುದು ಹೊಳೆದಿರಲಿಲ್ಲ. ಆ ಕೋಣೆಯನ್ನು ಅವನು ಎಷ್ಟು ಮುತುವರ್ಜಿಯಿಂದ ಅಣಿಮಾಡಿದ್ದ! ರಟ್ಟು ಕತ್ತರಿಸಿ ಮರೆ ಕಟ್ಟಿದ್ದ. ಪೆಟ್ಟಿಗೆಯನ್ನು ಖಾಲಿ ಇದೆ ಎಂದು ಎಲ್ಲರಿಗೂ ತಲೆಕೆಳಗು ಮಾಡಿ ತೋರಿಸಿ ಅರಗು ಹಾಕಿದ್ದ. ಮೂರು ಸಂಜೆ ಕೂತು, ತನ್ನ ದುಂಡು ಅಕ್ಷರದಲ್ಲಿ, ಮತಪತ್ರಕ್ಕೂ ಕೌಂಟರ್‌ಫಾಯಿಲ್‌ಗೂ ಒಂದರಿಂದ ತೊಂಬತ್ತೊಂಬತ್ತರವರೆಗೆ ನಂಬರು ಬರೆದಿದ್ದ. ಯಾರೂ ಬರೆಯಿರಿ ಎಂದಿರಲಿಲ್ಲ. ಈ ಮಕ್ಕಳ ಚುನಾವಣೆಗೆ ನಂಬರು ಬೇಡವೇ ಬೇಡವಾಗಿತ್ತು. ಬೇರೆ ಯಾರು ನಡೆಸಿದ್ದರೂ ನೋಟ್‌ಬುಕ್ಕಿನ ಹಾಳೆ ಹರಿದು ಮುಗಿಸುತ್ತಿದ್ದರು. ಕೈ ಪಳಗಿದವನು ಮಾತ್ರ ಮಾಡಬಹುದಾದ ತಪ್ಪನ್ನು ಅವನು ಮಾಡಿದ್ದ.

ಆ ದಿನ ಸಾಲಿನಲ್ಲಿ ನಾಲ್ಕನೆಯವಳು 'ಪ್ರಶ್ನೆ'. ಆ ಹುಡುಗಿಗೆ ತರಗತಿಯೇ ಇಟ್ಟ ಹೆಸರು. ಪ್ರತಿ ಪಾಠದಲ್ಲೂ ಎರಡು ಪ್ರಶ್ನೆ ಕೇಳದೆ ಅವಳು ಬೆಂಚು ಬಿಡುತ್ತಿರಲಿಲ್ಲ. ತಿರಸ್ಕೃತವಾದ ನಾಮಪತ್ರಗಳಲ್ಲಿ ಒಂದು ಅವಳದು. ಸಹಿ ಮಾಡಲು ಪೆನ್ನು ತೆಗೆದುಕೊಂಡವಳು ಹಾಗೇ ನಿಂತು, "ಅಂಕಲ್, ಈ ನಂಬರ್ ಯಾಕೆ?" ಎಂದಿದ್ದಳು.

"ರೂಲ್ಸಮ್ಮ."

"ಎರಡೂ ಕಡೆ ಒಂದೇ ನಂಬರ್ ಇದೆ. ಹೊಂದಿಸಿ ನೋಡಿದ್ರೆ ಗೊತ್ತಾಗಲ್ವಾ?"

"ಯಾರೂ ನೋಡಲ್ಲ. ಇದನ್ನ ಸೀಲ್ ಮಾಡಿ ಇಟ್ಟುಬಿಡ್ತೀವಿ. ಸಹಿ ಹಾಕು, ಹಿಂದೆ ಜನ ಕಾಯ್ತಿದಾರೆ."

ಹಿಂದೆ ಜನ ಕಾಯುತ್ತಿದ್ದಾರೆ! ಎಷ್ಟು ಮತಗಟ್ಟೆಯಲ್ಲಿ ಎಷ್ಟು ಸಲ ಅಂದ ಮಾತು. ಮತಯಂತ್ರ ಬರುವ ಮುಂಚಿನ ಕಾಲದಲ್ಲಿ ಒಬ್ಬಳು ಮುದುಕಿ ಹೆಬ್ಬೆಟ್ಟು ಒತ್ತಿ, ಮಸಿಯ ಬೆರಳನ್ನು ಸೆರಗಿಗೆ ಒರೆಸುತ್ತಾ ಅವನ ಹತ್ತಿರ ಬಗ್ಗಿ, "ನಾನ್ಯಾರಿಗೆ ಒತ್ತಿದೆ ಅಂತ ನಮ್ಮ ಧಣಿಗೆ ಗೊತ್ತಾಗಲ್ಲ ತಾನೆ ಮಗಾ?" ಎಂದು ಪಿಸುಗುಟ್ಟಿದ್ದಳು. "ದೇವರಿಗೂ ಗೊತ್ತಾಗಲ್ಲ, ಹೋಗಜ್ಜಿ" ಎಂದಿದ್ದ. ಅದು ನಿಜವೂ ಆಗಿತ್ತು. ಅಲ್ಲಿಯೂ ನಂಬರಿತ್ತು, ಅಲ್ಲಿಯೂ ಲಕೋಟೆಯಿತ್ತು. ಆದರೆ ಆ ಲಕೋಟೆಯ ಹಿಂದೆ ಒಂದು ಕಾನೂನು ನಿಂತಿತ್ತು. ನ್ಯಾಯಾಧೀಶರ ಆದೇಶವಿಲ್ಲದೆ ಮಂತ್ರಿಯ ಅಪ್ಪ ಬಂದರೂ ಅದನ್ನು ಬಿಚ್ಚುವ ಹಾಗಿರಲಿಲ್ಲ. ಇಲ್ಲಿ ಏನಿತ್ತು? ಅಂಗಡಿಯಲ್ಲಿ ಕೊಂಡ ಅರಗು, ಅವನ ಅಂಗಿಯ ಗುಂಡಿ ಒತ್ತಿ ಮಾಡಿದ ಮುದ್ರೆ. ಸರ್ಕಾರದ ಅಂಗಿಯನ್ನು ಮಾತ್ರ ಕದ್ದು ತಂದಿದ್ದ, ಅದರೊಳಗಿನ ದೇಹವನ್ನಲ್ಲ. ಎರಡು ವರ್ಷ ರಾಜ್ಯಶಾಸ್ತ್ರ ಓದಿ ಈ ಒಂದು ವ್ಯತ್ಯಾಸ ಅವನ ತಲೆಗೆ ಬಂದದ್ದು ನಿನ್ನೆ ಸಾಯಂಕಾಲ, ಬಸ್‌ಸ್ಟಾಪಿನಲ್ಲಿ.

ಅವನು ನೇರವಾಗಿ ಮೇಡಂ ಕೋಣೆಗೆ ಹೋದ. ಅವಳಾದರೂ ಏನಾದರೂ ಹೇಳುತ್ತಾಳೆ ಎಂದು ರಾತ್ರಿಯಿಡೀ ಲೆಕ್ಕ ಹಾಕಿಕೊಂಡಿದ್ದ. ಗುಪ್ತ ಮತದಾನದ ಪಾಠ ಮಾಡಿದವಳು ಅವಳೇ, ಮಾಡುವಾಗ ಅವಳ ದನಿ ಕಂಪಿಸಿತ್ತು. ಆ ಕಂಪನವನ್ನು ಅವನು ನೋಟ್‌ಬುಕ್ಕಿನ ಅಂಚಿನಲ್ಲಿ ಒಂದು ನಕ್ಷತ್ರ ಹಾಕಿ ಗುರುತಿಸಿಕೊಂಡಿದ್ದ. ಮೇಡಂ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಕೆಂಪು ಪೆನ್ನು ನಿಲ್ಲಲಿಲ್ಲ.

"ಮೇಡಂ, ಇದನ್ನ ಕೊಡೋದು ಸರೀನಾ?"

"ನೀವೇ ತಾನೇ ಹೇಳಿದ್ದು, ಗೊತ್ತಾಗುತ್ತೆ ಅಂತ."

"ತಪ್ಪಾಯ್ತು ಮೇಡಂ. ಆದ್ರೆ ನೀವು ಒಂದು ಮಾತು ಹೇಳಿದ್ರೆ—"

"ನಾನು ಏನು ಹೇಳ್ಲಿ? ನನ್ನ ಒಪ್ಪಂದ ವರ್ಷ ವರ್ಷಕ್ಕೆ ನವೀಕರಣ ಆಗಬೇಕು. ನಿಮಗೇನು, ನಿವೃತ್ತರು. ಸಂಜೆ ಮನೆಗೆ ಹೋದ್ರೆ ಆಯ್ತು." ಪೆನ್ನು ಒಂದು ತಪ್ಪಿನ ಮೇಲೆ ಎರಡು ಸಲ ಗೀಟು ಹಾಕಿತು. "ಎರಡೂವರೆಗೆ ಕ್ಲಾಸಿದೆ. ಸಮ್ಮತಿ ಅನ್ನೋ ಅಧ್ಯಾಯ. ಓದಿಕೊಂಡು ಬನ್ನಿ."

ಸಿಟ್ಟು ಎನ್ನುವುದು ಹೊಟ್ಟೆಯಲ್ಲಿ ಹುಟ್ಟುತ್ತದೆ ಎನ್ನುತ್ತಾರೆ. ಅವನಿಗೆ ಕಿವಿಯಲ್ಲಿ ಹುಟ್ಟಿತು. ಮೆಟ್ಟಿಲು ಇಳಿಯುವಾಗ ಎರಡೂ ಕಿವಿ ಸುಡುತ್ತಿದ್ದವು. ಯಾರ ಮೇಲೆ? ಇವಳ ಮೇಲೆ ಮಾಡಿಕೊಳ್ಳುವುದು ಸುಲಭ. ಆದರೆ ಮೂರು ನಾಮಪತ್ರಕ್ಕೆ ಕೆಂಪು ಗೀಟು ಎಳೆದದ್ದು ಯಾರು? 'ಫೋಟೋ ಸರಿಯಿಲ್ಲ' ಎಂದು ಬರೆಯುವಾಗ ಫೋಟೋದಲ್ಲಿ ಪ್ರಶ್ನೆ ಅವನನ್ನೇ ನೋಡುತ್ತಿದ್ದಳು, ಎಷ್ಟು ಸರಿಯಾಗಿ ನೋಡುತ್ತಿದ್ದಳು! ಮೇಲಿನವರು ಹೇಳಿದರು, ಬರೆದ. ಇಪ್ಪತ್ತಾರು ವರ್ಷ ಮೇಲಿನವರು ಹೇಳಿದರು, ಬರೆದ. ಬೇಲಿ ದಾಟಿ ಓದಲು ಬಂದ ಮೇಲೂ ಇಲ್ಲೊಬ್ಬ ಮೇಲಿನವನನ್ನು ಹುಡುಕಿಕೊಂಡು ಅವನ ಮೇಜಿನ ಈಚೆ ಕೂತ. ಹೆಂಡತಿ ಬೆಳಗ್ಗೆ ಡಬ್ಬಿ ಕೊಡುತ್ತಾ, ವಿಷಯವೆಲ್ಲ ಕೇಳಿದ ಮೇಲೆ, ಬಾಯಲ್ಲಿದ್ದ ಸೂಜಿ ತೆಗೆದು ಹೇಳಿದ್ದು ಇಷ್ಟೇ: "ಆ ಮಕ್ಕಳು ನಿಮ್ಮನ್ನ ನಂಬಿ ಸಹಿ ಹಾಕಿದಾರೆ ರೀ. ನನ್ನನ್ನೇನು ಕೇಳ್ತೀರಿ? ಅವರನ್ನ ಕೇಳಿ."

ಅವರನ್ನು ಕೇಳಿ. ಇಷ್ಟು ಸರಳವಾದದ್ದು ಸಂವಿಧಾನದ ಯಾವ ಪುಟದಲ್ಲೂ ಅವನಿಗೆ ಸಿಕ್ಕಿರಲಿಲ್ಲ.

ಎರಡೂವರೆಗೆ ದೊಡ್ಡ ಹಾಲ್ ತುಂಬಿತ್ತು. ಗುರುವಾರ ಮೂರೂ ವರ್ಷದವರಿಗೆ ಒಟ್ಟಿಗೆ ಪಾಠ. ಮೇಡಂ ಹಲಗೆಯ ಮೇಲೆ 'ಸಮ್ಮತಿ' ಎಂದು ಬರೆದು ಅದರ ಕೆಳಗೆ ಗೆರೆ ಎಳೆಯುತ್ತಿದ್ದಾಗ ಅವನು ಎದ್ದು ನಿಂತ. ಯಾರೋ ಹಿಂದಿನಿಂದ, "ಆಫೀಸು ಶುರು" ಎಂದ. ಒಂದಿಷ್ಟು ನಗು. ಲಕೋಟೆಯನ್ನು ಹಿಡಿದುಕೊಂಡು ಅವನು ಮುಂದೆ ನಡೆದ.

"ಮೇಡಂ, ಐದು ನಿಮಿಷ."

"ಈಗ ಕ್ಲಾಸ್ ನಡೀತಿದೆ."

"ಪಾಠದ್ದೇ ಮೇಡಂ." ಅವನು ಹಾಲ್ ಕಡೆ ತಿರುಗಿದ. ಮೊದಲೇ ಕಟ್ಟಿಕೊಂಡಿದ್ದ ವಾಕ್ಯಗಳೆಲ್ಲ ಎಲ್ಲೋ ಹೋಗಿದ್ದವು. "ನೀವು ಸಹಿ ಮಾಡಿದ ಚೀಟಿ ಇದರಲ್ಲಿದೆ. ನಂಬರ್ ಹೊಂದಿಸಿದ್ರೆ ಯಾರು ಯಾರಿಗೆ ಹಾಕಿದ್ರಿ ಅಂತ ಗೊತ್ತಾಗುತ್ತೆ. ಆಫೀಸಿನವರು ನಾಲ್ಕು ಗಂಟೆಗೆ ಕೇಳಿದಾರೆ. ಹೀಗೆ ಗೊತ್ತಾಗುತ್ತೆ ಅಂತ ಅವರಿಗೆ ಹೇಳಿಕೊಟ್ಟವನು ನಾನು."

ನಗು ನಿಂತಿತು. ಪ್ರಶ್ನೆ ಕೂತಲ್ಲಿಂದಲೇ, ದನಿ ಏರಿಸದೆ, "ಯಾರೂ ನೋಡಲ್ಲ ಅಂದಿದ್ರಿ" ಎಂದಳು.

"ಅಂದಿದ್ದೆ."

"ನಾನು ಕೇಳಿದ್ದೆ ನಿಮ್ಮನ್ನ."

"ಕೇಳಿದ್ದೆಯಮ್ಮ."

"ಅಮ್ಮ ಗಿಮ್ಮ ಬೇಡ. ಈಗೇನು, ಕ್ಷಮಾಪಣೆನಾ? ನಾವೇನು ಚಪ್ಪಾಳೆ ತಟ್ಟಬೇಕಾ?"

"ಬೇಡ. ಅವತ್ತು ಸಾಲಲ್ಲಿ ನಿಂತಿದ್ದ ಪ್ರಕಾರ ನಂಬರ್ ಕರೀತೀನಿ. ಬಂದು ನಿಮ್ಮ ನಿಮ್ಮ ಚೀಟಿ ತಗೊಂಡು ಹೋಗಿ." ಮುದ್ರೆ ಒಡೆದ. ಅರಗಿನ ಚೂರುಗಳು ಮೇಡಂ ಮೇಜಿನ ಮೇಲೆ ಬಿದ್ದವು. "ಒಂದು."

ಯಾರೂ ಏಳಲಿಲ್ಲ. ಮೇಡಂ ಹಲಗೆಗೆ ಮುಖ ಮಾಡಿ, ಆಗಲೇ ಎಳೆದಿದ್ದ ಗೆರೆಯ ಮೇಲೆಯೇ ಮತ್ತೆ ಗೆರೆ ಎಳೆಯುತ್ತಿದ್ದಳು. ತಡೆಯಲಿಲ್ಲ, ಕಂಡೆ ಎಂದೂ ಒಪ್ಪಲಿಲ್ಲ. "ಒಂದು" ಎಂದು ಅವನು ಮತ್ತೆ ಕೂಗಿದ, ಈ ಸಲ ಮತಗಟ್ಟೆಯ ದನಿಯಲ್ಲಿ. ಎರಡನೇ ಬೆಂಚಿನ ಕನ್ನಡಕದ ಹುಡುಗ ಎದ್ದು ಬಂದು, ತನ್ನ ಸಹಿಯನ್ನು ತಾನೇ ಅನುಮಾನದಿಂದ ನೋಡಿ, ಚೀಟಿ ತೆಗೆದುಕೊಂಡ. ಎರಡು. ಮೂರು. ಪುಸ್ತಕದ ಬೆನ್ನಿನಿಂದ ಒಂದೊಂದನ್ನೇ ಹರಿದು ಕೊಡುವಾಗಿನ ಚರ್ರೆನ್ನುವ ಸದ್ದು ಅವನಿಗೆ ಹಳೆಯ ಮತಗಟ್ಟೆಗಳ ಕಾಲದಿಂದ ಪರಿಚಿತ. ಆದರೆ ಈ ತುಂಡು ಯಾವತ್ತೂ ಮತದಾರನ ಕೈಗೆ ಹೋದದ್ದಿಲ್ಲ. ನಾಲ್ಕು. ಪ್ರಶ್ನೆ ಬಂದಳು, ಕೈ ಚಾಚಿದಳು, ಅವನ ಮುಖ ನೋಡಲಿಲ್ಲ. ಚೀಟಿಯನ್ನು ನಾಲ್ಕು ಮಾಡಿ ಹರಿದು ಅವನೆದುರಿಗೇ ಮೇಜಿನ ಮೇಲಿಟ್ಟಳು. ಕೆಲವರು ಜೇಬಿಗೆ ಹಾಕಿಕೊಂಡರು. ಒಬ್ಬ ಬಾಯಿಗೆ ಹಾಕಿ ಅಗಿಯುತ್ತಾ, "ಉಪ್ಪು ಕಡಿಮೆ ಅಂಕಲ್" ಎಂದ. ಆಗ ಹಾಲ್ ಒಮ್ಮೆಲೇ ನಕ್ಕಿತು. ಅಳಿಯನೂ ಬಂದ. ಐವತ್ತೆರಡು. ಅವನ ಕಣ್ಣು ಕೆಂಪಾಗಿತ್ತು. "ನಾನು ನಿಲ್ಲಲ್ಲ ಅಂದಿದ್ದೆ, ಮಾವ ಕೇಳಲಿಲ್ಲ" ಎಂದು ಯಾರಿಗೂ ಕೇಳಿಸದ ಹಾಗೆ ಗೊಣಗಿ ಹೋದ.

ಬಾಗಿಲಲ್ಲಿ ಜವಾನ ಕಾಣಿಸಿಕೊಂಡ. ಸುದ್ದಿ ಆಗಲೇ ಮುಟ್ಟಿತ್ತು. "ಸಾಹೇಬ್ರು ಕರೀತಿದಾರೆ. ಅದನ್ನ ಹಾಗೇ ತರಬೇಕಂತೆ." "ಇನ್ನೂ ಹದಿನೇಳು ಇದೆ. ಹೊರಗೆ ನಿಲ್ಲಪ್ಪ" ಎಂದ. ಜವಾನ ನಿಂತ, ಅವನಿಗೂ ಆ ದನಿ ಗೊತ್ತಿತ್ತು. ಕೊನೆಗೆ, ಇವತ್ತು ಪಾಠಕ್ಕೆ ಬಾರದವರ ಒಂಬತ್ತು ಚೀಟಿ ಉಳಿದವು. "ಇವನ್ನ ನಾನು ಅವರಿಗೆ—" ಎನ್ನುವಷ್ಟರಲ್ಲಿ ಪ್ರಶ್ನೆ ಎದ್ದು ಬಂದು ಅವನ ಕೈಯಿಂದ ತೆಗೆದುಕೊಂಡಳು. "ನಿಮ್ಮ ಹತ್ತಿರ ಬೇಡ. ನಾನು ತಲುಪಿಸ್ತೀನಿ." ಸರಿಯಾದ ಮಾತು. ಸರಿಯಾದ್ದರಿಂದಲೇ ಅದು ಕೆನ್ನೆಗೆ ಬಿತ್ತು. ಅವಳ ಕಣ್ಣು ಪುಸ್ತಕದ ಬೆನ್ನಿನಲ್ಲಿ ಇನ್ನೂ ಅಂಟಿಕೊಂಡಿದ್ದ ಒಂದರ ಮೇಲೆ ಹೋಯಿತು.

"ಅದು ಯಾರದು?"

"ತೊಂಬತ್ತೊಂಬತ್ತು. ನಂದು."

"ನೀವು ಯಾರಿಗೆ ಹಾಕಿದ್ರಿ?"

ಕೇಳಬಾರದ ಪ್ರಶ್ನೆ ಎಂದು ಹೇಳುವ ಹಕ್ಕು ಅವನಿಗೆ ಉಳಿದಿರಲಿಲ್ಲ. ಆ ದಿನ ಎಲ್ಲರೂ ಹೋದ ಮೇಲೆ, ತಾನೇ ಕಟ್ಟಿದ ರಟ್ಟಿನ ಮರೆಯ ಹಿಂದೆ, ಯಾರೂ ಇಲ್ಲದ ಕೋಣೆಯಲ್ಲಿ, ಅವನು ಮುದ್ರೆ ಹಿಡಿದು ಬಹಳ ಹೊತ್ತು ನಿಂತಿದ್ದ. 'ಯಾರಿಗೂ ಇಲ್ಲ' ಎನ್ನುವ ಸಾಲನ್ನು ಹಟ ಹಿಡಿದು ಹಾಕಿಸಿದವನು ಅವನೇ. ಯಾರೂ ನೋಡುತ್ತಿರಲಿಲ್ಲ, ದೇವರೂ. ಆದರೂ ಕೈ ತಾನಾಗಿ ಮೇಲಿನ ಹೆಸರಿಗೆ ಹೋಗಿತ್ತು.

"ಅಳಿಯನಿಗೆ" ಎಂದ.

ಈ ಸಲ ಯಾರೂ ನಗಲಿಲ್ಲ. ಪ್ರಶ್ನೆ ಅವನನ್ನು, ಮೊದಲ ಸಲ ಎನ್ನುವ ಹಾಗೆ, ಪೂರ್ತಿಯಾಗಿ ನೋಡಿದಳು. ಆಮೇಲೆ, "ಹೋಗಿ. ಕರೀತಿದಾರೆ" ಎಂದಳು. ಆ ದನಿಯಲ್ಲಿ ಕರುಣೆ ಇತ್ತೋ ಅಸಹ್ಯ ಇತ್ತೋ ಮೆಟ್ಟಿಲು ಹತ್ತುವಾಗಲೂ ಅವನಿಗೆ ತಿಳಿಯಲಿಲ್ಲ. ಜವಾನ ಹಿಂದೆಯೇ ಬರುತ್ತಿದ್ದ, ಕೈದಿಯನ್ನು ಕರೆದೊಯ್ಯುವಷ್ಟು ಅಂತರದಲ್ಲಿ.

ಕುಲಸಚಿವರ ಮೇಜಿನ ಮೇಲೆ ಮತಪತ್ರಗಳನ್ನು ಆಗಲೇ ನಂಬರಿನ ಪ್ರಕಾರ ಜೋಡಿಸಿಟ್ಟಿದ್ದರು. ಅವನು ಪುಸ್ತಕದ ಬೋಳು ಬೆನ್ನನ್ನು ಅದರ ಪಕ್ಕದಲ್ಲಿಟ್ಟ. ಅದರಲ್ಲಿ ಒಂದೇ ಒಂದು ತುಂಡು ನೇತಾಡುತ್ತಿತ್ತು.

"ಉಳಿದದ್ದು?"

"ಅವರವರದ್ದು ಅವರವರ ಹತ್ತಿರ ಇದೆ ಸರ್."

ಅವರ ಮುಖ ಬಿಗಿಯಿತು. ಬೈಯಲಿಲ್ಲ, ಬೈಯುವುದು ಅವರ ಪದ್ಧತಿಯಲ್ಲ. ತೊಂಬತ್ತೊಂಬತ್ತನೆಯ ಮತಪತ್ರವನ್ನು ಕಂತೆಯ ಅಡಿಯಿಂದ ಎಳೆದು, ಸಹಿಯ ಪಕ್ಕ ಹಿಡಿದು ನೋಡಿದರು. ನೋಡುತ್ತಿದ್ದ ಹಾಗೆ ಬಿಗಿದ ಮುಖ ಮೆಲ್ಲಗೆ ಸಡಿಲವಾಯಿತು, ಒಂದು ನಗು ಕೂಡ ಬಂತು. "ಅಯ್ಯೋ ಹಿರಿಯರೇ, ನೀವು ನಮ್ಮವರೇ ಅಲ್ವಾ! ಮತ್ಯಾಕೆ ಈ ಹುಡುಗಾಟ? ಆ ಹುಡುಗಿ ಏನಾದ್ರೂ ಹೆದರಿಸಿದ್ಲಾ? ಕೂತ್ಕೊಳ್ಳಿ, ಕೂತ್ಕೊಳ್ಳಿ. ಟೀ ಹೇಳ್ತೀನಿ. ನೆನಪಿರೋ ನಾಲ್ಕು ಹೆಸರು ಹೇಳಿ, ಸಾಕು."

ನಮ್ಮವರು. ಇಷ್ಟು ವರ್ಷ ಯಾವ ಅಧಿಕಾರಿಯ ಬಾಯಿಂದ ಈ ಮಾತು ಕೇಳಲು ಕಾದಿದ್ದ! ಕಿವಿಯ ಉರಿ ಈಗ ಕತ್ತಿಗಿಳಿದು ಎದೆಗೆ ಬಂತು, ಅಲ್ಲಿ ಅದು ಹೆದರಿಕೆಯನ್ನು ಹುಡುಕಿತು, ಕಾಣಲಿಲ್ಲ. ಕುರ್ಚಿಯ ಬೆನ್ನು ಹಿಡಿದ, ಕೂರಲಿಲ್ಲ.

"ಚುನಾವಣೆ ಇನ್ನೊಂದ್ಸಲ ಮಾಡಿಸಿ ಸರ್. ನಾನು ಗೀಟು ಹಾಕಿದ ಮೂರು ಜನರನ್ನೂ ಸೇರಿಸಿ. ಈ ಸಲ ನಂಬರ್ ಇರಲ್ಲ."

"ಮಾಡಿಸದಿದ್ರೆ?"

"ಮಾಡಿಸದಿದ್ರೂ ಅಷ್ಟೇ ಸರ್. ನಿಮ್ಮ ಹಾಳೇಲಿ ಮೂವತ್ತೆಂಟು ಅಂತಿದೆಯಲ್ಲ, ಅದನ್ನ ತಿದ್ದಿಕೊಳ್ಳಿ," ಎಂದು ಅವನು ಮೇಜಿನ ಮೇಲಿದ್ದ ಅವರದೇ ಪೆನ್ನನ್ನು ತೆಗೆದು ಅವರ ಮುಂದಿಟ್ಟ. "ಮೂವತ್ತೇಳು."